ಮಾಮಾ ಹೇಳದೆ ಬಿಟ್ಟ ದೋಷ

ಸುಣ್ಣ ಬಳಿಯಲೆಂದು ಕಪಾಟಿನ ಮೇಲಿನ ಸಾಮಾನು ಇಳಿಸುತ್ತಿದ್ದೆ. ಹಳೆಯ ಕರಿ ಚೀಲವೊಂದರ ಜಿಪ್ ಎಳೆದಾಗ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಆ ಜೂಮ್ ಕ್ಯಾಮೆರಾ. ಲೆನ್ಸು ಪೂರ್ತಿ ಹೊರಗೆ ಚಾಚಿಕೊಂಡು ನಿಂತಿದೆ. ಹದಿನೈದು ವರ್ಷಗಳಿಂದ ಹಾಗೆಯೇ…

ಅದನ್ನು ಕೊಟ್ಟವರು ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಫೋಟೊ ಸ್ಟುಡಿಯೊ ಇಟ್ಟಿದ್ದ ಮಾಮಾ. ರಕ್ತಸಂಬಂಧವೇನಲ್ಲ, ನಮ್ಮ ಓಣಿಯವರು. ಪಿಯುಸಿ ಫೇಲಾಗಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಕರೆದು ಪಾಸ್‌ಪೋರ್ಟ್ ಫೋಟೊ ಕತ್ತರಿಸುವ ಕೆಲಸಕ್ಕೆ ಹಚ್ಚಿದರು. ಆಮೇಲೆ ಮದುವೆಗಳಿಗೂ ಕರೆದೊಯ್ದರು. ಹೆಣ್ಣುಹುಡುಗಿ ಕ್ಯಾಮೆರಾ ಹಿಡಿದದ್ದನ್ನು ನೋಡಿ ಮಂದಿ ನಕ್ಕರೆ, "ಆಕಿ ಕೈ ನನ್ನ ಕೈಗಿಂತ ಗಟ್ಟಿ ಐತಿ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ಐದು ವರ್ಷ ಅವರ ಕೈಕೆಳಗೆ ಕಲಿತೆ. ಮದುಮಗಳ ಕೋಣೆಯ ಫೋಟೊಗಳಿಗೆ ನಾನೇ ಬೇಕೆಂದು ಹೆಂಗಸರು ಕೇಳತೊಡಗಿದರು. ಒಂದು ದಿನ ದೊಡವಾಡದ ಗೆಳತಿಯೊಬ್ಬಳು ತನ್ನ ಮದುವೆಯ ಕೆಲಸವನ್ನು ನೇರವಾಗಿ ನನಗೇ ಒಪ್ಪಿಸಿದಳು. ಎರಡು ದಿನ ಒದ್ದಾಡಿ, ಸ್ವಂತ ಕೆಲಸ ಶುರು ಮಾಡುತ್ತೇನೆಂದು ಮಾಮಾಗೆ ಹೇಳಿದೆ. ಅವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. ಆಮೇಲೆ ಕಪಾಟಿನಿಂದ ತಮ್ಮ ಜೂಮ್ ಕ್ಯಾಮೆರಾ ತೆಗೆದು ನನ್ನ ಕೈಗಿಟ್ಟರು. "ಇದು ನಿನಗ. ಇಟಗೋ." ನಾನು ಅವರ ಕಾಲಿಗೆ ಬಿದ್ದೆ.

ಕೂರಿಸಿಕೊಂಡು ಅದರ ಗುಣ, ಅವಗುಣ ಎರಡನ್ನೂ ಹೇಳಿದರು. "ದೂರದ್ದು ಹತ್ತಿರ ತರತೈತಿ. ಮಂದ್ಯಾಗ ನುಗ್ಗೂದು ಬ್ಯಾಡ, ಮೂಲ್ಯಾಗ ನಿಂತು ಮುಖಾ ಹಿಡೀಬಹುದು. ಆದ್ರ ಜೂಮ್ ಎಳದಂಗ ಕೈ ನಡುಗೂದೂ ದೊಡ್ಡದಾಗಿ ಕಾಣತೈತಿ, ಕಂಬಕ್ಕ ಬೆನ್ನ ಹಚ್ಚಿ ನಿಲ್ಲು. ಬೆಳಕ ಕಡಿಮಿ ಇದ್ರ ಫೋಟೊ ಕಾಳ ಕಾಳ ಬರತೈತಿ. ಬಟನ್ ಒತ್ತಿದ ಮ್ಯಾಲ ಒಂದ ಉಸಿರು ತಡಾ ಮಾಡತೈತಿ, ಅವರು ನಗೂಕಿಂತ ಮದಲ ಒತ್ತು." ನಾನು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡೆ.

ಗೆಳತಿಯ ತಂದೆಗೆ ಲಕ್ವಾ ಹೊಡೆದು ಎರಡು ವರ್ಷವಾಗಿತ್ತು. ಮದುವೆಯ ದಿನ ಅಕ್ಷತೆಯ ಹೊತ್ತಿಗೆ ನಾಲ್ವರು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಹಂದರಕ್ಕೆ ತಂದರು. ಸುತ್ತ ಮಂದಿ ಮುಗಿಬಿದ್ದರು. ನಾನು ಹಂದರದ ಕಂಬಕ್ಕೆ ಬೆನ್ನು ಹಚ್ಚಿ, ಜೂಮ್ ಪೂರ್ತಿ ಎಳೆದೆ. ಪರದೆಯ ತುಂಬ ಅವರ ಮುಖ. ನಡುಗುವ ಎಡಗೈಯಲ್ಲಿ ನಾಲ್ಕು ಕಾಳು ಹಿಡಿದು ಮಗಳ ತಲೆಯತ್ತ ಎತ್ತುತ್ತಿದ್ದರು… ಲೆನ್ಸು ಕಟಕಟ ಸದ್ದು ಮಾಡಿ ನಿಂತುಬಿಟ್ಟಿತು. ಪರದೆ ಕಪ್ಪಾಯಿತು. ಸೆಲ್ ತೆಗೆದು ಹಾಕಿದೆ, ಆರಿಸಿ ಹಚ್ಚಿದೆ. ಯಾರದೋ ಮೊಬೈಲ್ ಇಸಿದುಕೊಂಡು ನುಗ್ಗುವಷ್ಟರಲ್ಲಿ ಅವರನ್ನು ಒಳಗೆ ಒಯ್ದಿದ್ದರು.

ಆ ವಾರವೇ ರಿಪೇರಿಗೆಂದು ಬೆಳಗಾವಿಗೆ ಹೋದೆ. ಅಂಗಡಿಯವನು ಕ್ಯಾಮೆರಾ ನೋಡುತ್ತಲೇ ಗುರುತು ಹಿಡಿದ. "ಇದು ಎರಡ ಸಲ ಬಂದಿತ್ತರಿ. ಒಳಗಿನ ಗಿಯರ್ ಹಲ್ಲು ಸವದಾವು, ಪೂರಾ ಜೂಮ್ ಎಳದ್ರ ಸಿಕ್ಕೊಂತೈತಿ. ನಿಮ್ಮ ಸ್ಟುಡಿಯೊದವರಿಗೆ ಹೇಳಿದ್ದೆನಲ್ರಿ."

ಬಸ್ಸಿಳಿದು ನೇರ ಸ್ಟುಡಿಯೊಕ್ಕೆ ಹೋದೆ. ಮಾಮಾ ಯಾವುದೋ ಫೋಟೊಕ್ಕೆ ಕಟ್ಟು ಹಾಕುತ್ತಿದ್ದರು.

"ನಿಮಗ ಗೊತ್ತಿತ್ತೇನ್ರಿ, ಮಾಮಾ?"

ತಲೆ ಎತ್ತಲಿಲ್ಲ. "ಗೊತ್ತಿತ್ತು," ಎಂದರು. ಕಟ್ಟಿನ ಮೊಳೆ ಒತ್ತುತ್ತಲೇ, "ಒಮ್ಮೆ ಸೋತ್ರ ವಾಪಸ್ ಬರ್ತಿ ಅನಕೊಂಡೆ. ನೀ ಹೋದ ಮ್ಯಾಲ ನಾ ಒಬ್ಬನ ಏನ ಮಾಡ್ಲಿ?"

"ನನ್ನ ಸೋಲಸಾಕ ಆಕಿ ಅಪ್ಪ ಅಕ್ಷತಾ ಎತ್ತಿದ ಕೈ ಬೇಕಾಗಿತ್ತೇನ್ರಿ?"

ಅವರು ಕಟ್ಟಿನ ಗಾಜು ಒರೆಸತೊಡಗಿದರು. ನಾನು ಹೊರಗೆ ಬಂದೆ.

ಮೂರು ತಿಂಗಳಿಗೆ ಗೆಳತಿಯ ತಂದೆ ತೀರಿಕೊಂಡರು. ಆಕೆ ಮನೆಗೆ ಬಂದಳು. "ಅಪ್ಪ ಕೈ ಎತ್ತಿದ್ದು ಒಂದರ ಸಿಕ್ಕೈತೇನ? ಮಸಕ ಇದ್ರೂ ನಡೀತೈತಿ." ಇಲ್ಲವೆಂದು ತಲೆಯಾಡಿಸಿದೆ. ಆಕೆ ಬೈಯಲಿಲ್ಲ. ನೀರು ಕುಡಿದು ಎದ್ದುಹೋದಳು, ಮತ್ತೆ ಬರಲಿಲ್ಲ. ಯಾರ ತಪ್ಪೆಂದು ನಾನೂ ಅವಳಿಗೆ ಹೇಳಲಿಲ್ಲ. ಹೇಳಿದರೆ ಆ ಕೈ ಸಿಗುತ್ತಿತ್ತೇ…

ಮಾಮಾ ಆಮೇಲೆ ಪೇಟೆಯಲ್ಲಿ ಎದುರಾದಾಗಲೆಲ್ಲ ನಾನು ಆಚೆ ಬದಿಗೆ ಸರಿದೆ. ಒಂದೆರಡು ಸಲ ಅವ್ವನ ಕೈಯಲ್ಲಿ ಹೇಳಿ ಕಳಿಸಿದರು, ಹೋಗಲಿಲ್ಲ. ಸ್ಟುಡಿಯೊ ಮುಚ್ಚಿ ರಾಮದುರ್ಗದ ಮಗಳ ಮನೆ ಸೇರಿದರೆಂದು ಕೇಳಿದೆ. ಹೋದ ತಿಂಗಳು ಅಲ್ಲಿಯೇ ತೀರಿಕೊಂಡರು. ಮಣ್ಣಿಗೆ ಹೋಗೋಣವೆಂದು ಬಸ್ ನಿಲ್ದಾಣದವರೆಗೆ ಹೋದವಳು ತಿರುಗಿ ಬಂದೆ.

ಈಗ ನನ್ನದೇ ಸ್ಟುಡಿಯೊ ಇದೆ. ಬೆಳಕು ಹೇಗೆ ಬೀಳಬೇಕು, ಮುಖವನ್ನು ಯಾವ ಬದಿಗೆ ತಿರುಗಿಸಬೇಕು, ಎಲ್ಲ ಅವರೇ ಕಲಿಸಿದ್ದು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ. ಬೈಯೋಣವೆಂದರೆ ಅವರಿಲ್ಲ. ಅಳೋಣವೆಂದರೆ, ನೀರು ಕುಡಿದು ಎದ್ದುಹೋದ ಗೆಳತಿಯ ಮುಖ ಅಡ್ಡ ಬರುತ್ತದೆ.