ಐದೂರಿನ ಟಪಾಲು ನನ್ನೊಬ್ಬಳ ಮನೆಗೆ ಬಂದ ದಿನ

ಐದು ಊರಿನ ಐವರು ಸೇರಿ ನಮ್ಮ ಕಡೆಯ ಹಳೆಯ ಮಾತುಗಳನ್ನು ಕೂಡಿಹಾಕುತ್ತಿದ್ದೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನಿಂದ ಒಬ್ಬೊಬ್ಬರು, ಚಿಂಚೋಳಿಯಿಂದ ನಾನು. ಹಿರಿಯರು ಆಡುತ್ತಿದ್ದ ಯಾವ ಮಾತು ಸಿಕ್ಕರೂ ಒಂದೇ ಈಮೇಲ್ ವಿಳಾಸಕ್ಕೆ ಕಳಿಸಬೇಕು. ಅದರ ಪಾಸ್‌ವರ್ಡ್ ಐವರ ಬಳಿಯೂ ಇದೆ. ಊರ ಬಾವಿಗೆ ಇಟ್ಟ ಹಗ್ಗದ ಹಾಗೆ, ಬೇಕಾದವರು ಬಂದು ಸೇದಿಕೊಳ್ಳಬಹುದು.

ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಕಳಿಸಿದವರು ಶಹಾಬಾದಿನ ಕಾಕಾ. ಹದಿಹರೆಯದಿಂದ ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಖಣಿಯಲ್ಲಿ ದುಡಿದು ಬೆನ್ನು ಬಾಗಿದ ಮನುಷ್ಯ. ಬರೆಯುವುದು ಅವರಿಗೆ ಕಷ್ಟ. ಫೋನಿನ ಎದುರು ಕುಳಿತು ಬಾಯಲ್ಲಿ ಹೇಳುತ್ತಿದ್ದರು, ಫೋನು ಬರೆದುಕೊಳ್ಳುತ್ತಿತ್ತು. ಹೊಡೆದರೆ ಗಂಟೆಯಂತೆ ಉಲಿಯುವುದು ಮಾತಾಡುವ ಕಲ್ಲು, ಸಪ್ಪಳವೇ ಬಾರದ್ದು ಮೂಕ ಕಲ್ಲು. ಇಂಥವೇ ಒಂದು ವರ್ಷದ ಮಾತುಗಳು. ಆ ಫೋನು ಖಣಿಯ ನೀರಿಗೆ ಬಿತ್ತು. ಅದರೊಂದಿಗೆ ಅವರ ಸ್ವಂತ ಈಮೇಲಿನ ಪಾಸ್‌ವರ್ಡೂ ಹೋಯಿತು. ಹೀಗಾಗಿ ಅವರ ಮಾತುಗಳು ಉಳಿದದ್ದು ನಮ್ಮ ಐವರ ಟಪಾಲು ಪೆಟ್ಟಿಗೆಯಲ್ಲಿ ಮಾತ್ರ. ಹೊಸ ಫೋನಿನಲ್ಲಿ ಅವರು ದಿನಾ ಅದನ್ನೇ ತೆರೆದು ನೋಡುತ್ತಿದ್ದರು.

ಪೆಟ್ಟಿಗೆಯ ಮಾತುಗಳನ್ನೆಲ್ಲ ಅಕ್ಷರದ ಕ್ರಮಕ್ಕೆ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನ ಸಣ್ಣ ಪರದೆ ನನ್ನ ಕಣ್ಣಿಗೆ ಒಗ್ಗದು. ಪಕ್ಕದ ಚಂದಾಪುರದ ಅಂಗಡಿಯಿಂದ ತಂದ ಹಳೆಯ ಕಂಪ್ಯೂಟರಿನಲ್ಲಿ ಟಪಾಲು ತರಿಸುವ ಪ್ರೋಗ್ರಾಮ್ ಒಂದಿತ್ತು. ಒಂದು ಮುಂಜಾನೆ ಅದರಲ್ಲಿ ನಮ್ಮ ವಿಳಾಸ ಹಾಕಿದೆ, ಪಾಸ್‌ವರ್ಡ್ ಹಾಕಿದೆ. ಟಪಾಲು ತರುವ ದಾರಿ ಪಾಪ್ ಬೇಕೋ ಐಮ್ಯಾಪ್ ಬೇಕೋ ಎಂದು ಕೇಳಿತು. ಮೇಲಿದ್ದದ್ದನ್ನೇ ಒತ್ತಿದೆ, ಅದು ಪಾಪ್. ಆಮೇಲೆ ಒಂದು ಚೌಕ ಬಂತು: ‘ಪತ್ರದ ಪ್ರತಿಯನ್ನು ಸರ್ವರ್‌ನಲ್ಲಿ ಉಳಿಸು.’ ಅದರ ಮುಂದೆ ಮೊದಲೇ ಟಿಕ್ ಇತ್ತು.

ನಾನು ಬೆಳೆದ ಮನೆಯಲ್ಲಿ ಪತ್ರ ಬಂದರೆ ಅಜ್ಜ ಓದಿಸಿ ಕೇಳಿ, ಗೋಡೆಗೆ ತೂಗುಹಾಕಿದ್ದ ಕೊಕ್ಕೆತಂತಿಗೆ ಚುಚ್ಚಿಬಿಡುತ್ತಿದ್ದ. ‘ಪೋಸ್ಟಿನ್ಯಾಗ ಬಿದ್ದಿದ್ದು ಸರ್ಕಾರದ್ದು, ತಂತಿಗೆ ಏರಿದ್ದು ನಮ್ದು’ ಎನ್ನುತ್ತಿದ್ದ. ಸರ್ವರ್ ಎಂದರೂ ಪೋಸ್ಟಾಫೀಸೇ; ಮನೆಗೆ ಬಂದ ಪತ್ರದ ಪ್ರತಿ ಅಲ್ಲಿ ಯಾಕೆ ಕೂರಬೇಕು? ಆ ಲೆಕ್ಕದಲ್ಲಿ ಟಿಕ್ ತೆಗೆದುಬಿಟ್ಟೆ. ಪತ್ರಗಳು ಒಂದೊಂದಾಗಿ ಇಳಿಯತೊಡಗಿದವು. ನಾನು ನಿಶ್ಚಿಂತೆಯಿಂದ ರೊಟ್ಟಿ ಬಡಿಯಲು ಹೋದೆ.

ಎರಡನೆಯ ರೊಟ್ಟಿ ಹಂಚಿನ ಮೇಲಿದ್ದಾಗ ಕಾಕಾನ ಫೋನು ಬಂತು.

“ತಂಗೀ, ಪೆಟಗಿ ಖಾಲಿ ಆಗ್ಯಾದ.”

“ಯಾವ ಪೆಟಗಿ ಕಾಕಾ?”

“ನಮ್ದೇ! ನಿನ್ನಿ ಸಂಜೀತನಾ ಎಲ್ಲಾ ಇತ್ತು. ಈಗ ಏನೂ ಇಲ್ಲ ಅಂತ ತೋರ್ಸಾಕತ್ತದ. ನನ್ ಒಂದ್ ವರ್ಷದ ಮಾತು ತಂಗಿ. ಮತ್ತ ಹೇಳಂದ್ರ ನನಗ ನೆಪ್ಪೂ ಇಲ್ಲ.”

ಹಂಚಿನ ಮೇಲೆ ರೊಟ್ಟಿ ಸೀಯಿತು. ನನ್ನ ಫೋನು ತೆರೆದು ನೋಡಿದೆ. ಖಾಲಿ. ಗುಡಿಸಿ ಸಾರಿಸಿದ ಪಡಸಾಲೆಯ ಹಾಗಿತ್ತು. ಅಷ್ಟರಲ್ಲಿ ನಮ್ಮ ಐವರಲ್ಲೊಬ್ಬಳಾದ ಸೇಡಂನ ಅಕ್ಕನ ಫೋನು. ಆಕೆ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ದನಿಯಲ್ಲಿ ಇನ್ನೂ ಬೆತ್ತವಿದೆ.

“ಕಳ್ಳ ಹೊಕ್ಕಾನ. ನಾ ಪಾಸ್‌ವರ್ಡ್ ಬದ್ಲಿ ಮಾಡೀನಿ. ನೀ ಏನೂ ಮುಟ್ಟಬ್ಯಾಡ!” ಎಂದು ಇಟ್ಟೇಬಿಟ್ಟಳು.

ಕಂಪ್ಯೂಟರಿನ ಮುಂದೆ ಓಡಿದೆ. ಪರದೆಯ ನಡುವೆ ‘ಪಾಸ್‌ವರ್ಡ್ ತಪ್ಪಾಗಿದೆ’ ಎಂಬ ಚೌಕ ಕೂತಿತ್ತು. ಮುಚ್ಚಿದರೆ ಮತ್ತೆ ಬರುತ್ತಿತ್ತು, ಹಳೆಯ ಪಾಸ್‌ವರ್ಡ್ ಹಿಡಿದು ಒಳನುಗ್ಗಲು ನೋಡುತ್ತಿರುವ ಹಾಗೆ. ಆಗ ಕಳ್ಳ ಯಾರೆಂದು ನನಗೆ ಖಾತ್ರಿಯಾಯಿತು: ಈ ಪ್ರೋಗ್ರಾಮೇ! ನಾನೇ ಕೀಲಿಕೈ ಕೊಟ್ಟು ಒಳಗೆ ಬಿಟ್ಟಿದ್ದೇನೆ. ಈ ಖಾತೆಯನ್ನೇ ಇಲ್ಲಿಂದ ಕಿತ್ತುಹಾಕುತ್ತೇನೆಂದು ಒತ್ತಿದೆ. ಅದು ನಿಧಾನವಾಗಿ ಕೇಳಿತು: ‘ಪತ್ರಗಳನ್ನೂ ಅಳಿಸಬೇಕೆ?’ ಹೌದು ಎನ್ನಲು ಬೆರಳು ಎತ್ತಿದ್ದೆ.

ಸೀದ ವಾಸನೆಗೆ ಎದ್ದುಬಂದ ನನ್ನ ಮನೆಯವರು ಹೆಗಲ ಹಿಂದೆ ನಿಂತಿದ್ದರು. ಕಂಪ್ಯೂಟರ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ.

“ಏನಂತ ಕೇಳಾಕತ್ತದ ಅದು?”

“ಪತ್ರ ಅಳಿಸ್ಲೇನು ಅಂತ.”

“ಹಂಗಾರ ಅದರ ಹತ್ರ ಪತ್ರ ಅದಾವ ಅಂದಂಗಾಯ್ತಲ್ಲ? ಇಲ್ದಿದ್ರ ಯಾಕ ಕೇಳ್ತದ?”

ನಾನು ಅವರ ಮುಖ ನೋಡಿದೆ. ಖಾತೆ ಕೀಳುವುದನ್ನೇ ‘ರದ್ದುಮಾಡು’ ಎಂದು ಮೆಲ್ಲಗೆ ಒತ್ತಿದೆ. ಅಡ್ಡ ಕೂತಿದ್ದ ಚೌಕವನ್ನು ಮೂಲೆಗೆ ಸರಿಸಿ ಒಳಬಂದ ಪತ್ರಗಳ ಕಪಾಟು ತೆರೆದೆ. ಇದ್ದವು. ಸಾಲುಸಾಲಾಗಿ, ಕಾಕಾನ ಹೆಸರಿನ ಕೆಳಗೆ ಕಾಕಾನ ಹೆಸರು. ಕಳ್ಳನೂ ಇರಲಿಲ್ಲ, ಕಳವೂ ಆಗಿರಲಿಲ್ಲ. ನಾನು ಟಿಕ್ ತೆಗೆದದ್ದಕ್ಕೆ, ಪ್ರೋಗ್ರಾಮು ಪತ್ರಗಳನ್ನೆಲ್ಲ ಸರ್ವರ್‌ನಿಂದ ಎತ್ತಿ ನನ್ನ ಮನೆಗೆ ತಂದು, ಅಲ್ಲಿ ಒಂದೂ ಬಿಡದೆ ಒರೆಸಿತ್ತು. ಐದೂರಿನ ಬಾವಿಯನ್ನು ನಾನೊಬ್ಬಳೇ ಸೇದಿ ನಮ್ಮ ಹಂಡೆಗೆ ಸುರಿದುಕೊಂಡಿದ್ದೆ.

ಅಲ್ಲೇ ನೆಲಕ್ಕೆ ಕೂತೆ. ನಗು ಬರುತ್ತಿತ್ತು.

ಮೊದಲು ಫೋನು ಮಾಡಿದ್ದು ಕಾಕಾನಿಗೆ. “ಪತ್ರ ಅದಾವ ಕಾಕಾ, ಎಲ್ಲಾ ನಮ್ಮನ್ಯಾಗ ಅದಾವ” ಎಂದೆ. “ಕಣ್ಣಿಲೆ ನೋಡ್ದ್ಯಾ?” ಎಂದು ಕೇಳಿದರು. “ನೋಡೀನಿ. ಇನ್ನೊಂದ್ ತಾಸಿನ್ಯಾಗ ನೀವೂ ನೋಡ್ತೀರಿ.”

ಅಕ್ಕನಿಗೆ ತಪ್ಪೊಪ್ಪಿಕೊಂಡೆ. ಹೊಸ ಪಾಸ್‌ವರ್ಡ್ ಕೊಡುವ ಮೊದಲು ಕಾಲುಗಂಟೆ ಬೈದಳು. “ಐದ್ ಮಂದಿ ಒಂದ ತಾಟಿನ್ಯಾಗ ಉಣ್ಣಾಗ ತಾಟ ಎತ್ಕೊಂಡ್ ಹೋಗೋದಾ? ಯಾರ್ ಕಲ್ಸ್ಯಾರ ನಿನಗ?” ನಾನು ಹೂಂ ಹೂಂ ಎಂದು ಕೇಳಿಸಿಕೊಂಡೆ. ಆ ಬೈಗುಳ ಅವತ್ತು ಬೆಲ್ಲದಂತಿತ್ತು.

ಹೊಸ ಪಾಸ್‌ವರ್ಡನ್ನು ಕಾಕಾನಿಗೂ ತಿಳಿಸಿದೆ. ಟಿಕ್ ಮತ್ತೆ ಹಾಕಿ, ಹಾಕಿದ್ದೇನೆಂದು ಮನೆಯವರಿಂದ ಓದಿಸಿಯೂ ನೋಡಿದೆ. ಆಮೇಲೆ ನನ್ನ ಸ್ವಂತ ಈಮೇಲಿನಿಂದ ಒಂದೊಂದೇ ಪತ್ರವನ್ನು ಐವರ ಪೆಟ್ಟಿಗೆಗೆ ತಿರುಗಿ ಕಳಿಸುತ್ತ ಹೋದೆ. ಅರ್ಧ ಮುಗಿಯುವುದರೊಳಗೆ ಕಾಕಾನ ಫೋನು.

“ತಂಗೀ, ಬರಾಕತ್ತ್ಯಾವ! ಖರೇ, ನನ್ ಮಾತೆಲ್ಲಾ ನಿನ್ ಹೆಸರಿಲೆ ಬರಾಕತ್ತ್ಯಾವಲ್ಲ. ನೀ ಯಾವಾಗ ಖಣ್ಯಾಗ ದುಡ್ದಿ?”

“ಇವತ್ತ ಮುಂಜಾನಿಂದ ದುಡ್ಯಾಕತ್ತೀನಿ ಕಾಕಾ.”

ಅವರು ಕೆಮ್ಮು ಬರುವವರೆಗೆ ನಕ್ಕರು. ಫೋನು ಇಡಲಿಲ್ಲ. ಬಂದ ಪತ್ರವೊಂದನ್ನು ತೆರೆಯುವುದು, ಮೊದಲ ಸಾಲನ್ನು ಗಟ್ಟಿಯಾಗಿ ಓದುವುದು, “ಹಾಂ, ಇದೂ ಬಂತು” ಎನ್ನುವುದು. ನಾನು ಕಳಿಸುತ್ತಲೇ ಇದ್ದೆ, ಅವರು ಓದುತ್ತಲೇ ಇದ್ದರು. ಕೊನೆಯದು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಒಂದು ಉದ್ದನೆಯ ಉಸಿರು ಕೇಳಿಸಿತು. ಆಮೇಲೆ ತಮ್ಮ ಮನೆಯ ಒಳಗಿದ್ದವರಿಗೆ ಕೂಗಿದರು:

“ಏ, ಈಗ ಚಹಾ ಇಡು. ಮುಂಜಾನಿಂದ ಗಂಟಲ್ದಾಗ ನೀರ್ ಸೈತ ಇಳ್ದಿಲ್ಲ.”