ಪಾಯದ ಫೋಟೊ

ನಮ್ಮೂರು ಅಜ್ಜಂಪುರದ ಕಡೆಯದು. ಕೆರೆ ಏರಿ ಒಡೆದ ವರ್ಷ ನಮ್ಮ ಕೇರಿಯ ಮಣ್ಣಿನ ಗೋಡೆಗಳೆಲ್ಲ ಕುಸಿದವು. ನಾನೂ ಅಮ್ಮನೂ ಅಂಗನವಾಡಿಯ ಹಿಂದಿನ ಕೋಣೆ ಸೇರಿಕೊಂಡೆವು. ಮೈಕು ಹಿಡಿದು ಬಂದವರು, “ಕೊನೆಯ ಮನೆ ಏಳುವವರೆಗೂ ಸರ್ಕಾರ ನಿಮ್ಮ ಜೊತೆಗಿದೆ” ಎಂದು ಹೇಳಿ, ಹಾರ ಹಾಕಿಸಿಕೊಂಡು ಹೋದರು. ಮನೆ ಕಳೆದುಕೊಂಡವರ ಕೈಯಿಂದ ಹಾರ ಹಾಕಿಸಿಕೊಳ್ಳಲು ಎಂಥ ಮುಖ ಬೇಕೋ ನನಗೆ ಗೊತ್ತಿಲ್ಲ.

ಕಡೂರಿನ ಚರ್ಚಿನವರು ಮೈಕು ತರಲಿಲ್ಲ. ಶನಿವಾರ ಶನಿವಾರ ಬಂದರು. ಮೊದಲು ಅಕ್ಕಿ, ಹೊದಿಕೆ ತಂದರು, ಆಮೇಲೆ ಕರಣೆ, ತೂಗುಗುಂಡು. ಗೋಡೆ ಚರ್ಚಿನವರದು, ತಾರಸಿ ಸರ್ಕಾರದ್ದು ಎಂದು ಪಂಚಾಯಿತಿಯಲ್ಲಿ ಮಾತಾಯಿತು. ಎರಡು ವರ್ಷ ಕಳೆದರೂ ಅವರ ಶನಿವಾರ ತಪ್ಪಲಿಲ್ಲ. ಅವರ ವಯಸ್ಸಾದ ಮೇಸ್ತ್ರಿ ಅಮ್ಮನನ್ನು ಅಕ್ಕ ಎನ್ನುತ್ತಿದ್ದರು. ಬಾಗಿಲು ನಿಲ್ಲಿಸುವ ದಿನ ಅಮ್ಮ ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ನವಧಾನ್ಯದ ಗಂಟು ಕಟ್ಟಿದಳು. ಕೊರಳಲ್ಲಿ ಶಿಲುಬೆ ಹಾಕಿದ್ದ ಮೇಸ್ತ್ರಿ ಚಪ್ಪಲಿ ಬಿಟ್ಟು, ಅವಳು ಹತ್ತಿದ ಸ್ಟೂಲು ಹಿಡಿದುಕೊಂಡಿದ್ದರು.

ಗೋಡೆ ಮುಗಿದ ಮೇಲೆ ತಾರಸಿ ಮಂಜೂರು ಮಾಡುವ ಇಂಜಿನಿಯರ್ ಬಂದ. ಪ್ರತಿ ಹಂತದ ಫೋಟೊ ಏರಿಸಬೇಕಾದ ಸರ್ಕಾರಿ ಆಪನ್ನು ಮೊಬೈಲಿನಲ್ಲಿ ನೋಡಿ ತಲೆ ಅಲ್ಲಾಡಿಸಿದ.

“ಪಾಯದ ಫೋಟೊನೇ ಇಲ್ವಲ್ಲಮ್ಮ.”

“ಅದನ್ನ ತೆಗೀಬೇಕಾಗಿದ್ದು ನೀವಲ್ವಾ? ಎಷ್ಟ್ ಸಲ ಕರೆದ್ರೂ ಬರ್ಲಿಲ್ಲ” ಎಂದೆ.

“ಅದಿಲ್ದೆ ಆಪ್ ಮುಂದಕ್ಕೆ ಹೋಗಲ್ಲ ಕಣಮ್ಮ. ಒಂದ್ ಕೆಲ್ಸ ಮಾಡಿ, ಗೋಡೆ ಇಳಿಸ್ಬಿಡಿ. ಪಾಯದ ಫೋಟೊ ತೆಗ್ದ್ಮೇಲೆ ಮತ್ತೆ ಕಟ್ಕೊಳ್ಳಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಬರಬೇಕಾದಾಗ ಬಾರದೆ ಇದ್ದವನು ತನ್ನ ತಪ್ಪಿಗೆ ನಮ್ಮ ಗೋಡೆ ಬೀಳಿಸಲು ಹೇಳುತ್ತಿದ್ದ. ನೀರು ಬೀಳಿಸಿದ್ದನ್ನು ಎರಡು ವರ್ಷ ಬೆವರು ಸುರಿಸಿ ಎಬ್ಬಿಸಿದ್ದೆವು. ಪ್ರತಿ ಇಟ್ಟಿಗೆಯನ್ನೂ ಅಮ್ಮ ಕೈಯಾರೆ ಎತ್ತಿಕೊಟ್ಟಿದ್ದಳು.

ಅಮ್ಮ ಕೂಗಾಡಲಿಲ್ಲ. ಮೂಲೆಯಲ್ಲಿದ್ದ ಹಾರೆ ತಂದು ಅವನ ಮುಂದೆ ಹಿಡಿದಳು.

“ಪೂಜೆ ಮಾಡಿ ನಿಲ್ಸಿದ ಬಾಗ್ಲು ಕಣಪ್ಪ, ನನ್ ಕೈಲಿ ಕೆಡವಕ್ಕಾಗಲ್ಲ. ನೀನೇ ಹೊಡಿ.”

ಅವನು ಹಾರೆ ಮುಟ್ಟಲಿಲ್ಲ, ಮೊಬೈಲಿನ ಆಪಿನಲ್ಲಿ ಏನನ್ನೋ ಒತ್ತಿ ಬೈಕ್ ಹತ್ತಿದ. ಮುಂದಿನ ಶನಿವಾರ ಮೇಸ್ತ್ರಿ ತಗಡು ತಂದು ಹೊದಿಸಿದರು. ಅದರಡಿಯಲ್ಲೇ ಈಗ ನಮ್ಮ ಸಂಸಾರ. ಬೇಸಿಗೆಯಲ್ಲಿ ಒಳಗೆ ಕೂರಲಾಗುವುದಿಲ್ಲ.

ಇಂಜಿನಿಯರ್ ಬಂದುಹೋಗಿ ತಿಂಗಳಾದ ಮೇಲೆ ಪಂಚಾಯಿತಿಯ ಗೋಡೆಗೆ ತಾರಸಿ ಮಂಜೂರಾತಿಯ ಪಟ್ಟಿ ಅಂಟಿಸಿದರು. ಓದು ಬಾರದ ಅಮ್ಮ ನನ್ನನ್ನು ಎಳೆದುಕೊಂಡು ಹೋದಳು.

“ನನ್ ಹೆಸರಿನ ಮುಂದೆ ಏನ್ ಬರ್ದವ್ರೆ, ಓದೇ.”

ಓದಿದೆ: “ಫಲಾನುಭವಿಗೆ ಮನೆ ಕಟ್ಟಿಕೊಳ್ಳಲು ಆಸಕ್ತಿ ಇಲ್ಲ.”