ಅತ್ತೆಯ ಹಲ್ಲು ಕಿತ್ತ ಮೆಕ್ಯಾನಿಕ್

ಅತ್ತೆ ಬಾಯ್ತುಂಬ ನಕ್ಕರೆ ಮೇಲಿನ ಸಾಲಿನಲ್ಲಿ, ಬಲಗಡೆ, ಒಂದು ಹಲ್ಲಿನ ಜಾಗ ಖಾಲಿ ಕಾಣುತ್ತಿತ್ತು. ಅಲ್ಲೊಂದು ಹಲ್ಲು ಕಟ್ಟಿಸಿಕೋ ಎಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. "ನನ್ನ ಕಥೆ ಇರೋದೇ ಅಲ್ಲಿ, ಅದನ್ನ ಮುಚ್ಚಿದ್ರೆ ಹೇಗೋ ಅಣ್ಣ?" ಎನ್ನುತ್ತಿದ್ದಳು. ಅವಳು ತೀರಿಕೊಂಡು ವರ್ಷವಾಯಿತು. ಆ ಕಥೆ ಈಗ ನಾನು ಹೇಳುತ್ತೇನೆ.

ಧ್ರುವದ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಮೂರು ಜನಕ್ಕೆ ಅವಳೊಬ್ಬಳೇ ಡಾಕ್ಟರು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದಿಲ್ಲ, ವಿಮಾನ ಇಳಿಯುವುದಿಲ್ಲ. ವಿಮಾನಕ್ಕೆ ಇನ್ನೂ ನಾಲ್ಕು ತಿಂಗಳಿರುವಾಗ ಡಾಕ್ಟರ ದವಡೆ ಹಲ್ಲೇ ಕೈಕೊಟ್ಟಿತು. ಮಾತ್ರೆಗೆ ಬಗ್ಗಲಿಲ್ಲ, ಇಂಜೆಕ್ಷನ್‌ಗೂ ಬಗ್ಗಲಿಲ್ಲ. ಮೂರನೇ ದಿನಕ್ಕೆ ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತು. ಕೀವು ಮೇಲೇರಿದರೆ ಜೀವಕ್ಕೇ ಸಂಚಕಾರ. ಹಲ್ಲು ಹೊರಗೆ ಬರಲೇಬೇಕು. ಆದರೆ ಕೀಳುವವರು ಯಾರು?

ಅಂದು ಊಟದ ಮೇಜಿನಲ್ಲಿ ಅತ್ತೆ ಯಾರ ಮುಖವನ್ನೂ ನೋಡಲಿಲ್ಲವಂತೆ, ಬರೀ ಕೈಗಳನ್ನೇ ನೋಡಿದಳಂತೆ. ಅಡುಗೆಯವನ ಕೈ ಚುರುಕು, ಆದರೆ ದುಡುಕು. ಹವಾಮಾನದವನ ಕೈ ಚಮಚ ಹಿಡಿದರೂ ನಡುಗುತ್ತಿತ್ತು. ಜನರೇಟರ್ ಮೆಕ್ಯಾನಿಕ್ ಮಾತ್ರ ಜಾಮಿನ ಬಾಟಲಿಯ ಅಂಟಿದ ಮುಚ್ಚಳವನ್ನು ಆ ಕಡೆ ಈ ಕಡೆ ಮೆಲ್ಲಗೆ ಅಲುಗಿಸಿ ಬಿಡಿಸಿದ.

"ನನ್ನ ಹಲ್ಲು ನೀನೇ ಕೀಳ್ಬೇಕು."

"ತಮಾಷೆ ಮಾಡ್ಬೇಡಿ ಡಾಕ್ಟ್ರಮ್ಮ. ನಾನು ಎಂಜಿನ್ ಬಿಚ್ಚೋನು."

"ತುಕ್ಕು ಹಿಡಿದ ಬೋಲ್ಟ್ ಹೇಗೆ ತೆಗೀತೀಯ?"

"ಜೋರು ಮಾಡಿದ್ರೆ ತುಂಡಾಗತ್ತೆ. ಅಲುಗಿಸಿ ಅಲುಗಿಸಿ ಸಡಿಲ ಮಾಡ್ತೀನಿ."

"ಹಲ್ಲೂ ಅಷ್ಟೇ ಕಣಪ್ಪ. ಬೇರು ಮೂರಿರತ್ತೆ. ಒಂದು ಮುರಿದು ಒಳಗೆ ಉಳೀತೋ, ನಾನು ಕೆಟ್ಟೆ."

ಮೂಳೆ ಕಟ್ಟುವ ಪ್ಲಾಸ್ಟರ್ ಕಲಸಿ, ಅದರಲ್ಲಿ ಮೊಳೆಗಳನ್ನು ನಿಲ್ಲಿಸಿ, ಒಂದು ದಿನವಿಡೀ ಅವನಿಂದ ಕೀಳಿಸಿದಳು. ಎಪ್ಪತ್ತು ಮೊಳೆ! ಕೊನೆಗೆ ಒಂದೇ ಷರತ್ತು: "ಇಕ್ಕಳ ಬಾಯಿಗಿಟ್ಟ ಮೇಲೆ ನಾನು ಡಾಕ್ಟರಲ್ಲ, ರೋಗಿ. ನಿಲ್ಲಿಸು ಅಂದ್ರೂ ನಿಲ್ಲಿಸ್ಬೇಡ."

ಮರುದಿನ ಮಧ್ಯಾಹ್ನ ಕನ್ನಡಿ ನೋಡಿಕೊಂಡು ತಾನೇ ಒಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಚುಚ್ಚಿಕೊಂಡಳು. ಅಡುಗೆಯವನು ಟಾರ್ಚ್ ಹಿಡಿದ. ಮೆಕ್ಯಾನಿಕ್ ಒತ್ತಿದ, ಅಲುಗಿಸಿದ, ಮತ್ತೆ ಒತ್ತಿದ. ಹತ್ತು ನಿಮಿಷ. ಇದ್ದಕ್ಕಿದ್ದಂತೆ ಒಳಗೆ ಲಟಕ್ ಎಂದಿತು. ಬೇರು ಮುರಿಯಿತೇ? ಅತ್ತೆಗೆ ಜೀವವೇ ಬಾಯಿಗೆ ಬಂತು. ಗಬಕ್ಕನೆ ಅವನ ಮಣಿಕಟ್ಟು ಹಿಡಿದು ತಲೆಯಾಡಿಸಿದಳು: ಬೇಡ, ಬೇಡ!

ಅವನು ಇಕ್ಕಳ ಬಿಡಲಿಲ್ಲ.

"ಕೈ ತೆಗೀರಿ," ಎಂದ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. "ಈಗ ಡಾಕ್ಟ್ರು ನಾನು."

ಬದುಕಿಡೀ ಬೇರೆಯವರಿಗೆ ಹೀಗೆ ಹೇಳುತ್ತ ಬಂದವಳು ಮೊದಲ ಸಲ ಆ ಮಾತು ಕೇಳಿ ಕೈ ತೆಗೆದಳು. ಇನ್ನೊಂದು ಸಲ ಒತ್ತಿದ, ಇನ್ನೊಂದು ಸಲ ಅಲುಗಿಸಿದ. ಬಂತು! ಎಳೆಯದೆಯೇ, ಜಾರಿದ ಹಾಗೆ ಬಂತು. ಅವನು ಅದನ್ನು ಟಾರ್ಚಿನ ಬೆಳಕಿಗೆ ಹಿಡಿದ. "ಒಂದು... ಎರಡು..." ಎಂದು ನಿಂತ. ಅಡುಗೆಯವನು ಟಾರ್ಚನ್ನು ಇನ್ನೂ ಹತ್ತಿರ ತಂದ. ಮೆಕ್ಯಾನಿಕ್ ಹೆಬ್ಬೆರಳಿನಿಂದ ರಕ್ತ ಒರೆಸಿದ.

"ಮೂರು! ಮೂರೂ ಇವೆ ಡಾಕ್ಟ್ರಮ್ಮ, ಮೂರೂ ಪೂರ್ತಿ ಇವೆ!"

ಅತ್ತೆ ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ನಗುತ್ತ ಅಳುತ್ತ ರೋಗಿಗಳ ರಿಜಿಸ್ಟರ್ ಎಳೆದುಕೊಂಡಳು. ರೋಗಿ ಎಂಬಲ್ಲಿ ತನ್ನ ಹೆಸರು ಬರೆದಳು, ಡಾಕ್ಟರ್ ಎಂಬಲ್ಲಿ ಅವನದು.

"ಅಯ್ಯೋ, ನನ್ನ ಹೆಸರು ಬೇಡಮ್ಮ! ನಾಳೆಯಿಂದ ಎಲ್ರೂ ನನ್ನ ಮುಂದೆ ಬಾಯಿ ತೆಗೆದು ನಿಲ್ತಾರೆ."

ನಾಳೆಯವರೆಗೆ ಕಾಯಬೇಕಾಗಲಿಲ್ಲ. ಹವಾಮಾನದವನು ಆಗಲೇ ಕೆನ್ನೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.